ಗಣಕಯಂತ್ರದ ಪರದೆಗೆ ತಕ್ಕ ಕೇಬಲ್: ಆಯ್ಕೆಯ ಕ್ರಮ

ಪೀಠಿಕೆ

ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಬಾಲಗಾಂವದಂತಹ ಗಡಿಭಾಗದ ಊರುಗಳಲ್ಲಿ ಕನ್ನಡ ಶಾಲೆಯ ಮಗುವಿಗೆ ಮನೆಮಾತು ಕನ್ನಡ. ಕಚೇರಿಯ ಕಾಗದಪತ್ರ ಮತ್ತು ಫಲಕಗಳ ಭಾಷೆ ಬಹುಮಟ್ಟಿಗೆ ಮರಾಠಿ. ಅಚ್ಚಿನ ಕನ್ನಡ ಆ ಮಗುವಿನ ಕಣ್ಣಿಗೆ ಬೀಳುವ ಎಡೆಗಳು ಕೆಲವೇ: ಬಾಲಭಾರತಿಯ ಪಠ್ಯಪುಸ್ತಕ, ವರ್ಗದ ಗೋಡೆ ಮತ್ತು ಈಚೆಗೆ ಗಣಕಯಂತ್ರದ ಪರದೆ. ಆದುದರಿಂದ ಪರದೆಯ ಮೇಲೆ ಅಕ್ಷರ ಹೇಗೆ ಮೂಡುತ್ತದೆ ಎಂಬುದು ಭಾಷಾಶಿಕ್ಷಕರಿಗೂ ಸಂಬಂಧಿಸಿದ ವಿಷಯವಾಗಿದೆ.

ಕನ್ನಡ ಲಿಪಿಯಲ್ಲಿ ದ ಮತ್ತು ಧ, ಡ ಮತ್ತು ಢ, ಪ ಮತ್ತು ಫ, ಬ ಮತ್ತು ಭ ಇವುಗಳ ಭೇದವು ಒಂದು ಸಣ್ಣ ಗೆರೆಯಲ್ಲಿದೆ. ದೇವನಾಗರಿಯಲ್ಲಿ ದ, ಧ ಅಕ್ಷರಗಳ ಆಕೃತಿಯೇ ಬೇರೆ. ಕನ್ನಡದಲ್ಲಿ ಆ ಗೆರೆ ಮಸುಕಾದರೆ ‘ಧನ’ವು ‘ದನ’ವಾಗುತ್ತದೆ. ಮಗು ತಪ್ಪಾಗಿ ಓದಿದಾಗ ದೋಷ ಮಗುವಿನದೋ ಪರದೆಯದೋ ಎಂಬುದನ್ನು ಶಿಕ್ಷಕರು ಮೊದಲು ಪರೀಕ್ಷಿಸಬೇಕು.

1. ಕಿಂಡಿಗಳನ್ನು ಗುರುತಿಸುವುದು

ಲೋಕವರ್ಗಣಿಯಿಂದ ಬಂದ ಪರದೆ ಹೊಸದಾಗಿದ್ದು, ಶಾಲೆಯ ಸಿಪಿಯು ಹಳೆಯದಾಗಿರುವುದು ಸಾಮಾನ್ಯ. ಆಗ ಎರಡರ ಹಿಂಬದಿಯನ್ನೂ ನೋಡಬೇಕು. ಅಲ್ಲಿ ಕಾಣುವ ಕಿಂಡಿಗಳು ಮುಖ್ಯವಾಗಿ ಐದು ಬಗೆಯವು.

ವಿಜಿಎ: 1987ರಲ್ಲಿ ಐಬಿಎಂ ಸಂಸ್ಥೆ ಬಳಕೆಗೆ ತಂದದ್ದು. ಮೂರು ಸಾಲುಗಳಲ್ಲಿ 15 ರಂಧ್ರಗಳು, ಇಕ್ಕೆಲಗಳಲ್ಲಿ ತಿರುಪು. ಬಣ್ಣ ಸಾಮಾನ್ಯವಾಗಿ ನೀಲಿ. ಕೆಂಪು, ಹಸಿರು, ನೀಲಿ ಬಣ್ಣಗಳ ಪ್ರಮಾಣವನ್ನು ಇದು ಏರಿಳಿಯುವ ವಿದ್ಯುತ್ ಒತ್ತಡವಾಗಿ ಒಯ್ಯುತ್ತದೆ. ಧ್ವನಿಯನ್ನು ಒಯ್ಯುವುದಿಲ್ಲ.

ಡಿವಿಐ: 1999ರದು. ಅಗಲವಾದ ಕಿಂಡಿ, ಸಾಮಾನ್ಯವಾಗಿ ಬಿಳಿಯ ಬಣ್ಣ, ತಿರುಪು ಉಂಟು. ಡಿವಿಐ-ಡಿ ಅಂಕೀಯ ಸಂಕೇತವನ್ನು ಮಾತ್ರ ಕೊಡುತ್ತದೆ. ಡಿವಿಐ-ಐ ಎರಡೂ ಬಗೆಯ ಸಂಕೇತಗಳನ್ನು ಕೊಡುತ್ತದೆ.

ಎಚ್‌ಡಿಎಂಐ: 2002ರದು. ಚಪ್ಪಟೆ, 19 ಪಿನ್ನುಗಳು, ತಿರುಪಿಲ್ಲ. ಚಿತ್ರ ಮತ್ತು ಧ್ವನಿ ಒಂದೇ ಕೇಬಲ್‌ನಲ್ಲಿ ಸಾಗುತ್ತವೆ.

ಡಿಸ್‌ಪ್ಲೇಪೋರ್ಟ್: 2006ರದು. ಎಚ್‌ಡಿಎಂಐಯನ್ನು ಹೋಲುತ್ತದೆ, ಆದರೆ ಒಂದು ಮೂಲೆ ಮಾತ್ರ ಕತ್ತರಿಸಿದಂತಿದೆ. ಕೊಂಡಿಯಿದ್ದರೆ ಗುಂಡಿ ಒತ್ತಿಯೇ ಹೊರತೆಗೆಯಬೇಕು.

ಯುಎಸ್‌ಬಿ ಟೈಪ್-ಸಿ: ಹೊಸ ಲ್ಯಾಪ್‌ಟಾಪ್‌ಗಳಲ್ಲಿರುವ ಸಣ್ಣ, ಉರುಟಾದ ಅಂಚಿನ ಕಿಂಡಿ. ಇಂತಹ ಎಲ್ಲ ಕಿಂಡಿಗಳಿಂದಲೂ ಚಿತ್ರ ಬರುವುದಿಲ್ಲ. ಚಾರ್ಜ್ ಆಗುತ್ತದೆಂದ ಮಾತ್ರಕ್ಕೆ ಪರದೆಗೂ ಸಲ್ಲುತ್ತದೆಂದು ಭಾವಿಸಬಾರದು.

2. ಯಾವುದನ್ನು ಆರಿಸಬೇಕು

ಎರಡು ಕಡೆಯೂ ಒಂದೇ ಬಗೆಯ ಅಂಕೀಯ ಕಿಂಡಿ ಇದ್ದರೆ ಅದನ್ನೇ ಬಳಸುವುದು ಉತ್ತಮ. ಎಲ್‌ಇಡಿ ಪರದೆ ಸ್ವತಃ ಅಂಕೀಯವಾದುದು. ವಿಜಿಎ ಮೂಲಕ ಬಂದ ಒತ್ತಡವನ್ನು ಅದು ಮತ್ತೆ ಅಂಕೆಗಳಾಗಿ ಪರಿವರ್ತಿಸಬೇಕಾಗುತ್ತದೆ. ಆ ಹಂತದಲ್ಲಿ ಅಕ್ಷರದ ಅಂಚು ಮಸುಕಾಗುವ ಸಂಭವವಿದೆ. ಕೇಬಲ್ ತೆಳುವಾಗಿದ್ದು ಉದ್ದವಾದಷ್ಟೂ ಈ ದೋಷ ಹೆಚ್ಚುತ್ತದೆ. ಅಂಕೀಯ ಕೇಬಲ್‌ನ ದೋಷ ಹೀಗೆ ಮೆಲ್ಲನೆ ತೋರುವುದಿಲ್ಲ: ಚಿತ್ರ ಸ್ಪಷ್ಟವಾಗಿರುತ್ತದೆ, ಇಲ್ಲವೇ ಚುಕ್ಕೆಗಳು ಮಿನುಗುತ್ತವೆ, ಇಲ್ಲವೇ ಪರದೆ ಕಪ್ಪಾಗುತ್ತದೆ. ಆದ್ದರಿಂದ 1920×1080 ಅಳತೆಯ ಪರದೆಗೆ ಚಿನ್ನದ ಲೇಪವುಳ್ಳ ದುಬಾರಿ ಎಚ್‌ಡಿಎಂಐ ಕೇಬಲ್ ಅನವಶ್ಯಕ. ಸಾಧಾರಣ ಬೆಲೆಯ, ಗಟ್ಟಿಯಾದ ಕೇಬಲ್ ಸಾಕು.

ಮೇಜಿನ ಮೇಲಿನ ಪರದೆಗೆ ಒಂದೂವರೆ ಮೀಟರ್ ಸಾಕಾಗುತ್ತದೆ. ಪ್ರೊಜೆಕ್ಟರಿಗೆ ಉದ್ದದ ಕೇಬಲ್ ಬೇಕಾದರೆ ಗೋಡೆಗೆ ಬಿಗಿಯುವ ಮುನ್ನ ನೆಲದ ಮೇಲೆ ಹಾಸಿ, ಚಿತ್ರ ಬರುತ್ತದೆಯೇ ಎಂದು ನೋಡತಕ್ಕದ್ದು.

3. ಎರಡು ಕಡೆಯ ಕಿಂಡಿಗಳು ಬೇರೆಯಾದಾಗ

ಹಣ ವ್ಯರ್ಥವಾಗುವುದು ಹೆಚ್ಚಾಗಿ ಇಲ್ಲಿಯೇ. ಸಂಕೇತವು ಸಿಪಿಯುದಿಂದ ಪರದೆಯ ಕಡೆಗೆ ಹರಿಯುತ್ತದೆ. ಆದ್ದರಿಂದ ‘ಎಲ್ಲಿಂದ, ಎಲ್ಲಿಗೆ’ ಎಂಬುದನ್ನು ಕ್ರಮವಾಗಿ ಹೇಳಬೇಕು.

ಅ) ಡಿವಿಐ-ಡಿ ಮತ್ತು ಎಚ್‌ಡಿಎಂಐ ನಡುವೆ ಸರಳ ಜೋಡಕ ಸಾಕು, ಎರಡು ದಿಕ್ಕಿನಲ್ಲಿಯೂ ಚಿತ್ರ ಬರುತ್ತದೆ. ಧ್ವನಿಗೆ ಪ್ರತ್ಯೇಕ ವ್ಯವಸ್ಥೆ ಇಟ್ಟುಕೊಳ್ಳುವುದು ಲೇಸು.

ಆ) ಸಿಪಿಯುದಲ್ಲಿ ವಿಜಿಎ, ಪರದೆಯಲ್ಲಿ ಎಚ್‌ಡಿಎಂಐ ಇದ್ದರೆ ಬರಿಯ ತಂತಿ ಕೆಲಸ ಮಾಡದು. ಒಳಗೆ ವಿದ್ಯುನ್ಮಾನ ಮಂಡಲವುಳ್ಳ ‘ವಿಜಿಎಯಿಂದ ಎಚ್‌ಡಿಎಂಐಗೆ’ ಪರಿವರ್ತಕ ಬೇಕು. ಅದಕ್ಕೆ ಸಾಮಾನ್ಯವಾಗಿ ಯುಎಸ್‌ಬಿ ಮೂಲಕ ವಿದ್ಯುತ್ತನ್ನೂ, ಬೇರೊಂದು ತಂತಿಯ ಮೂಲಕ ಧ್ವನಿಯನ್ನೂ ಕೊಡಬೇಕಾಗುತ್ತದೆ.

ಇ) ಸಿಪಿಯುದಲ್ಲಿ ಎಚ್‌ಡಿಎಂಐ, ಹಳೆಯ ಪರದೆಯಲ್ಲಿ ವಿಜಿಎ ಇದ್ದರೆ ‘ಎಚ್‌ಡಿಎಂಐಯಿಂದ ವಿಜಿಎಗೆ’ ಎಂಬ ಬೇರೆಯೇ ಪರಿವರ್ತಕ ಬೇಕು. ಮೇಲಿನದನ್ನು ತಿರುಗಿಸಿ ಜೋಡಿಸಿದರೆ ಚಿತ್ರ ಬರುವುದಿಲ್ಲ.

ಈ) ಡಿಸ್‌ಪ್ಲೇಪೋರ್ಟ್‌ನಿಂದ ಎಚ್‌ಡಿಎಂಐ ಪರದೆಗೆ ಅಗ್ಗದ ಕೇಬಲ್‌ಗಳು ದೊರೆಯುತ್ತವೆ. ಅವನ್ನು ಹಿಂದುಮುಂದಾಗಿ ಬಳಸಲಾಗದು.

4. ಖರೀದಿಗೆ ಮುನ್ನ

ಜತ್ತಕ್ಕೋ ಸಾಂಗ್ಲಿಗೋ ವಿಜಯಪುರಕ್ಕೋ ಹೋಗಿ ತಪ್ಪು ಕೇಬಲ್ ತಂದರೆ ಬಸ್ಸಿನ ಖರ್ಚಿನೊಡನೆ ಒಂದು ದಿನದ ಪಾಠವೂ ಹೋಗುತ್ತದೆ. ಹೊರಡುವ ಮುನ್ನ ಸಿಪಿಯು ಮತ್ತು ಪರದೆ ಇವೆರಡರ ಹಿಂಬದಿಯ ಫೋಟೋ ಮೊಬೈಲ್‌ನಲ್ಲಿರಲಿ. ಚೀಟಿಯಲ್ಲಿ ಸಿಪಿಯು ಕಡೆಯ ಕಿಂಡಿ, ಪರದೆ ಕಡೆಯ ಕಿಂಡಿ, ಮೀಟರಿನಲ್ಲಿ ಉದ್ದ ಹಾಗೂ ಧ್ವನಿ ಬೇಕೇ ಬೇಡವೇ ಎಂಬ ನಾಲ್ಕು ಅಂಶಗಳಿರಲಿ.

5. ಜೋಡಿಸಿದ ಬಳಿಕ

ಜೋಡಿಸುವಾಗ ಎರಡೂ ಯಂತ್ರಗಳನ್ನು ಆರಿಸಿ, ತಂತಿಯನ್ನಲ್ಲ, ತುದಿಯ ಹಿಡಿಯನ್ನು ಹಿಡಿಯಬೇಕು. ಸಿಪಿಯುದಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲ್ ಅದರ ಕಿಂಡಿಗೇ ಸೇರಬೇಕು. ‘ನೋ ಸಿಗ್ನಲ್’ ಎಂದು ತೋರಿದರೆ ಪರದೆಯ ಇನ್‌ಪುಟ್ ಅಥವಾ ಸೋರ್ಸ್ ಗುಂಡಿಯಿಂದ ಸರಿಯಾದ ಕಿಂಡಿಯನ್ನು ಆರಿಸಬೇಕು. ವಿಜಿಎಯಲ್ಲಿ ಪರದೆ ಇಡಿಯಾಗಿ ಹಳದಿಯಾದರೆ ನೀಲಿ ಬಣ್ಣದ ಸಂಕೇತ ತಲುಪುತ್ತಿಲ್ಲವೆಂದು ತಿಳಿದು, ಬಾಗಿದ ಪಿನ್ನು ಇದೆಯೇ ಎಂದು ನೋಡಬೇಕು.

ಅಕ್ಷರ ಮಸುಕಾಗಿದ್ದರೆ ಕೂಡಲೇ ಹೊಸ ಕೇಬಲ್ ಕೊಳ್ಳಬಾರದು. ಮೊದಲು ಗಣಕಯಂತ್ರದ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಪರದೆಯ ಮೂಲ ಅಳತೆ ಆಯ್ಕೆಯಾಗಿದೆಯೇ ಎಂದು ಪರೀಕ್ಷಿಸಬೇಕು. ವಿಜಿಎ ಆಗಿದ್ದರೆ ಪರದೆಯ ಆಟೋ ಗುಂಡಿಯನ್ನೂ ಒತ್ತಿ ನೋಡಬೇಕು. ಆ ಮೇಲೂ ಸರಿಹೋಗದಿದ್ದರೆ ಕೇಬಲ್ ಬದಲಿಸಬಹುದು.

ಶಿಕ್ಷಕರಿಗೆ ಚಟುವಟಿಕೆ

ದನ–ಧನ, ಪಲ–ಫಲ ಎಂಬ ಜೋಡಿಗಳನ್ನೂ ಡ–ಢ, ಬ–ಭ, ಪ–ಷ ಅಕ್ಷರಗಳನ್ನೂ ಪಾಠದಲ್ಲಿ ಬಳಸುವ ಗಾತ್ರದಲ್ಲಿಯೇ ಬೆರಳಚ್ಚಿಸಿ ಪರದೆಯ ಮೇಲೆ ತೋರಿಸಿರಿ. ಕೊನೆಯ ಸಾಲಿನ ಮಗುವಿನ ಜಾಗದಲ್ಲಿ ಕುಳಿತು ಓದಿರಿ. ಅಲ್ಲಿಂದ ಶಿಕ್ಷಕರಿಗೇ ಗೆರೆ ಕಾಣದಿದ್ದರೆ ಮಗುವಿನ ಓದನ್ನು ತಿದ್ದುವ ಮೊದಲು ಪರದೆಯನ್ನು ಸರಿಪಡಿಸಿರಿ. ಎಲ್ಲವೂ ಸರಿಯಾದ ಮೇಲೆ ಯಾವ ಯಂತ್ರಕ್ಕೆ ಯಾವ ಕೇಬಲ್ ಎಂಬುದನ್ನು ಡೆಡ್‌ಸ್ಟಾಕ್ ನೋಂದಣಿಯಲ್ಲಿ ಬರೆದಿಡಿರಿ. ವರ್ಗವಾಗಿ ಬರುವ ಮುಂದಿನ ಶಿಕ್ಷಕರಿಗೆ ಅದು ನೆರವಾಗುತ್ತದೆ.