ಬರೀ ‘ಹೂಂ’ ಅಂದರೆ ಸಾಕೇ?

ಮದುವೆಯಾಗಿ ಹನ್ನೊಂದು ವರ್ಷ. ನಮ್ಮ ಪುಣೆಯ ಮನೆಯಲ್ಲಿ ಮಾತೆಂದರೆ ಬಾಡಿಗೆ, ಮಕ್ಕಳ ಫೀಸು, ಗ್ಯಾಸ್ ಸಿಲಿಂಡರ್ ಅಷ್ಟೇ. ಜಗಳವಿಲ್ಲವಲ್ಲ, ಎಲ್ಲ ಸರಿಯಿದೆ ಅಂದುಕೊಂಡಿದ್ದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ನವದಂಪತಿಗಳನ್ನು ಗಮನಿಸಿ, ಆರು ವರ್ಷಗಳ ನಂತರ ಮತ್ತೆ ವಿಚಾರಿಸಿದರು. ಒಬ್ಬರು ‘ಇಲ್ನೋಡಿ’ ಎಂದು ಕರೆದಾಗ ಇನ್ನೊಬ್ಬರು ಸ್ಪಂದಿಸಿದ್ದು, ಜೊತೆಗುಳಿದವರಲ್ಲಿ 100ಕ್ಕೆ 86 ಸಲ. ಬೇರೆಯಾದವರಲ್ಲಿ ಬರೀ 33. ಓದಿ ಎದೆ ಧಸಕ್ಕೆಂದಿತು. ಮೊಬೈಲಿನಿಂದ ಕಣ್ಣೆತ್ತದೆ ನಾನೆಷ್ಟು ಸಲ ‘ಹೂಂ’ ಅಂದಿದ್ದೇನೋ!

ಕುರ್‌ಆನ್ (30:21) ದಾಂಪತ್ಯದ ಬಗ್ಗೆ ಹೇಳುವಾಗ ಮವದ್ದತ್ ಜೊತೆಗೇ ರಹ್ಮತ್ ಅನ್ನೂ ಹೇಳುತ್ತದೆ: ಪ್ರೀತಿ, ಕರುಣೆ ಎರಡೂ.

ಈಗ ಊಟವಾದ ಮೇಲೆ ಹದಿನೈದು ನಿಮಿಷ ಮೊಬೈಲ್ ಒಳಗಿಟ್ಟು ಕೂರುತ್ತೇವೆ. ಮೊದಲ ವಾರ ಮಾತೇ ಹುಟ್ಟಲಿಲ್ಲ. ನಿನ್ನೆ ಇವರೇ ಕೇಳಿದರು, “ನಿನ್ನ ಮಂಡಿನೋವು ಹೇಗಿದೆ?”