ಇಂಟರ್ನ್‌ಶಿಪ್ ಸಂದರ್ಶನ: ನಂಬಿರುವುದೇನು, ನಿಜವೇನು?

ಪಾವಗಡ ತಾಲ್ಲೂಕಿನ ರಾಯಚರ್ಲು, ತಿರುಮಣಿ, ವಳ್ಳೂರು ಸೇರಿ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ದೊಡ್ಡ ಕಂಪನಿಗಳು ನಮ್ಮ ಹೊಲಗಳಿಗೇ ಬಂದಿವೆ. ಆದರೆ ಕಂಪನಿಯ ಇಂಟರ್ನ್‌ಶಿಪ್ ಸಂದರ್ಶನ ಅಂದರೆ ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆ ಕಡೆಯ ಎಷ್ಟೋ ಮಕ್ಕಳು ಅರ್ಜಿ ಹಾಕುವ ಮೊದಲೇ ಹಿಂಜರಿಯುತ್ತಾರೆ. ಅವರನ್ನು ತಡೆಯುತ್ತಿರುವ ಕೆಲವು ನಂಬಿಕೆಗಳನ್ನು ಪರೀಕ್ಷಿಸೋಣ.

ತಪ್ಪು ಕಲ್ಪನೆ: ಇಂಗ್ಲಿಷ್ ಪಟಪಟನೆ ಬರದಿದ್ದರೆ ಹೋಗುವುದೇ ದಂಡ.

ಸತ್ಯ: ಇಂಗ್ಲಿಷ್ ಬೇಕಾಗುವ ಕೆಲಸಗಳಿವೆ, ಕಲಿಯಲೇಬೇಕು. ಆದರೆ ಸಂದರ್ಶಕರಿಗೆ ಬೇಕಿರುವುದು ಅರ್ಥವಾಗುವ ಉತ್ತರ. ಸಣ್ಣ ಸಣ್ಣ ವಾಕ್ಯಗಳಲ್ಲಿ ನಿಧಾನವಾಗಿ ಹೇಳಿದರೆ ಸಾಕು. ಪ್ರಶ್ನೆ ತಿಳಿಯದಿದ್ದರೆ ಇನ್ನೊಮ್ಮೆ ಹೇಳಿ ಎಂದು ಕೇಳುವುದು ತಪ್ಪಲ್ಲ. ಊಹಿಸಿ ಬೇರೇನೋ ಹೇಳುವುದೇ ತಪ್ಪು.

ತಪ್ಪು ಕಲ್ಪನೆ: ಹಳ್ಳಿಯವರಿಗೆ ಹೇಳಿಕೊಳ್ಳಲು ಅನುಭವವೇ ಇಲ್ಲ.

ಸತ್ಯ: ಇದೆ, ಆದರೆ ಅದನ್ನು ವಿವರಿಸಲು ಬರಬೇಕು. "ನಮ್ಮ ಹೊಲ ಸೋಲಾರ್‌ಗೆ ಗುತ್ತಿಗೆ ಕೊಟ್ಟಿದ್ದೀವಿ" ಎಂದು ನಿಲ್ಲಿಸಿದರೆ ಮಾತು ಅಲ್ಲಿಗೇ ಮುಗಿಯಿತು. "ಬಿಸಿಲು ಏರಿದಷ್ಟೂ ಕರೆಂಟ್ ಜಾಸ್ತಿ ಬರುತ್ತಾ?" ಎಂದು ಸಂದರ್ಶಕರು ಕೇಳಬಹುದು. ಪ್ಯಾನೆಲ್‌ಗೆ ಬೇಕಿರುವುದು ಬೆಳಕು, ಕಾವಲ್ಲ. ಸಿಲಿಕಾನ್ ಪ್ಯಾನೆಲ್ 25 ಡಿಗ್ರಿ ಸೆಲ್ಸಿಯಸ್ ದಾಟಿ ಕಾದಂತೆಲ್ಲ, ಪ್ರತಿ ಡಿಗ್ರಿಗೆ ಉತ್ಪಾದನೆ ಸುಮಾರು ಶೇ 0.3ರಿಂದ 0.4ರಷ್ಟು ಇಳಿಯುತ್ತದೆ. ದೂಳು ಕೂತರೆ ಇನ್ನೂ ಕಡಿಮೆ, ಅದಕ್ಕೇ ತೊಳೆಯುತ್ತಾರೆ. ಇಷ್ಟು ಹೇಳಿದ ಡಿಪ್ಲೊಮಾ ವಿದ್ಯಾರ್ಥಿ ಕಣ್ಣಾರೆ ಕಂಡದ್ದನ್ನು ಓದಿಗೆ ಜೋಡಿಸಿದ ಹಾಗಾಯಿತು. ಹಾಲಿನ ಡೈರಿಯಲ್ಲಿ ಜಿಡ್ಡಿನಂಶ ನೋಡಿ ದರ ಕಟ್ಟಿ, ಬಟವಾಡೆ ಲೆಕ್ಕ ಬರೆದ ಬಿ.ಕಾಂ. ಹುಡುಗಿಗೂ ಇದೇ ಮಾತು ಸಲ್ಲುತ್ತದೆ.

ತಪ್ಪು ಕಲ್ಪನೆ: ಎಲ್ಲ ಪ್ರಶ್ನೆಗೂ ಉತ್ತರ ಗೊತ್ತಿರಬೇಕು.

ಸತ್ಯ: ಇಂಟರ್ನ್ ಕಲಿಯಲು ಬರುವವರು ಎಂಬುದು ಕಂಪನಿಗೂ ಗೊತ್ತು. ಸಾಮಾನ್ಯವಾಗಿ ಮೊದಲು ಒಂದು ಆಪ್ಟಿಟ್ಯೂಡ್ ಪರೀಕ್ಷೆ, ಆಮೇಲೆ ವಿಷಯದ ಪ್ರಶ್ನೆಗಳು, ಕೊನೆಗೆ ಎಚ್‌ಆರ್ ಮಾತುಕತೆ ಇರುತ್ತದೆ. ಚಿಕ್ಕ ಕಂಪನಿಗಳಲ್ಲಿ ಒಂದೇ ಸುತ್ತಿನಲ್ಲಿ ಮುಗಿಯುವುದೂ ಉಂಟು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ, ಗೊತ್ತಿರುವಷ್ಟರಿಂದ ಹೇಗೆ ಯೋಚಿಸುತ್ತೀರಿ ಎಂದು ತೋರಿಸಿ. ರೆಸ್ಯೂಮ್‌ನಲ್ಲಿ ಬರೆದ ಪ್ರತಿ ಸಾಲಿನ ಮೇಲೂ ಪ್ರಶ್ನೆ ಬರಬಹುದು, ಆದ್ದರಿಂದ ಮಾಡದ ಪ್ರಾಜೆಕ್ಟ್ ಬರೆಯಬೇಡಿ.

ತಪ್ಪು ಕಲ್ಪನೆ: ದುಡ್ಡು ಕಟ್ಟಿದರೆ ಸೀಟು ಖಾತ್ರಿ.

ಸತ್ಯ: ನಿಮ್ಮನ್ನು ಕೆಲಸಕ್ಕೆ ಕರೆಯುವವರು ನಿಮ್ಮಿಂದ ಹಣ ಕೇಳುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಶುರುವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯಲ್ಲಿ ನೋಂದಣಿಗೆ ಶುಲ್ಕವಿಲ್ಲ. ಆರಂಭದಲ್ಲಿ ಅದು 21ರಿಂದ 24 ವರ್ಷದವರಿಗೆ ತಿಂಗಳಿಗೆ 5,000 ರೂಪಾಯಿ ಮತ್ತು ಒಂದು ಸಲ ಮಾತ್ರ 6,000 ರೂಪಾಯಿ ನಿಗದಿ ಮಾಡಿತ್ತು. ಅರ್ಜಿ ಹಾಕುವಾಗ ಈಗಿನ ನಿಯಮವನ್ನು ಅಧಿಕೃತ ಪೋರ್ಟಲ್‌ನಲ್ಲಿ ನೋಡಿಕೊಳ್ಳಿ. ವಾಟ್ಸಾಪ್‌ನಲ್ಲಿ ಆಫರ್ ಲೆಟರ್ ಕಳಿಸಿ "ಡೆಪಾಸಿಟ್ ಹಾಕಿ" ಎಂದರೆ ಮೋಸ ಎಂದೇ ತಿಳಿಯಿರಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ತಪ್ಪು ಕಲ್ಪನೆ: ನಾವು ಪ್ರಶ್ನೆ ಕೇಳಬಾರದು.

ಸತ್ಯ: "ಏನಾದರೂ ಕೇಳಬೇಕಾ?" ಎಂದು ಸಾಮಾನ್ಯವಾಗಿ ಸಂದರ್ಶಕರೇ ಕೊನೆಗೆ ಕೇಳುತ್ತಾರೆ. ಕೆಲಸ ಏನು, ಕಲಿಸುವವರು ಯಾರು, ಸ್ಟೈಪೆಂಡ್ ಎಷ್ಟು, ಪ್ರಮಾಣಪತ್ರ ಸಿಗುತ್ತದೆಯೇ ಎಂದು ಧೈರ್ಯವಾಗಿ ಕೇಳಿ. ಬೆಂಗಳೂರಿಗೆ ಹೋಗಿ ಬಾಡಿಗೆ ಕೊಟ್ಟು ಇರಬೇಕಾದವರಿಗೆ ಈ ಲೆಕ್ಕ ಮೊದಲೇ ಗೊತ್ತಿರಬೇಕು. ಇಂಟರ್ನ್‌ಶಿಪ್ ಮುಗಿದರೆ ಕೆಲಸ ಕಾಯಂ ಎಂಬ ಭರವಸೆ ಇಲ್ಲ ಎನ್ನುವುದೂ ನೆನಪಿರಲಿ.

ಸಂದರ್ಶನಕ್ಕೆ ಮೊದಲು ನೀವೇ ಮಾಡಿದ ಒಂದು ಕೆಲಸವನ್ನು ಆರಿಸಿಕೊಳ್ಳಿ. ಏನು ಮಾಡಿದಿರಿ, ಎಲ್ಲಿ ತೊಡಕಾಯಿತು, ಹೇಗೆ ಸರಿಪಡಿಸಿದಿರಿ ಎಂದು ಎರಡು ನಿಮಿಷ ಮನೆಯವರ ಎದುರು ಬಾಯಿಬಿಟ್ಟು ಹೇಳಿ. ಅವರಿಗೆ ಅರ್ಥವಾದರೆ ಸಂದರ್ಶಕರಿಗೂ ಅರ್ಥವಾಗುತ್ತದೆ.