ವೈರಸ್ ಹಿಡಿದ ದಾರಿ

ಟೊಮೆಟೊ ಸುಗ್ಗಿಯಲ್ಲಿ ಕೋಲಾರದ ಎಪಿಎಂಸಿ ಯಾರ್ಡಿಗೆ ಹೋಗಿ ನೋಡಿ. ಹಮಾಲರು ಹೊತ್ತು ತಂದ ಬಾಕ್ಸುಗಳು ಲಾರಿಯೊಳಗೆ ಸಾಲಾಗಿ ಏರುತ್ತವೆ. ಹಗ್ಗ ಬಿಗಿದು, ಟಾರ್ಪಾಲು ಎಳೆದು ಹೊರಟ ಚಾಲಕ ಮನೆಗೆ ಮರಳುವುದು ಎಷ್ಟೋ ದಿನಗಳ ಮೇಲೆ. ಶ್ರೀನಿವಾಸಪುರದ ಮಾವಿನ ಮಂಡಿ, ಮಾಲೂರಿನ ಇಟ್ಟಿಗೆ ಗೂಡು, ಮುಳಬಾಗಿಲು ದಾಟಿ ಆಂಧ್ರಕ್ಕೆ ಹೋಗುವ ಹೆದ್ದಾರಿ, ಇಲ್ಲೆಲ್ಲ ಹೊಟ್ಟೆಪಾಡಿಗೆ ಊರು ಬಿಟ್ಟವರೇ. ಎಚ್‌ಐವಿ ತಡೆಯುವ ಯೋಚನೆ ಇಲ್ಲಿಂದ ಶುರುವಾಗಬೇಕು.

ಈ ವೈರಸ್ ಮೊದಲಿನಿಂದಲೂ ದುಡಿಮೆಯ ದಾರಿಯಲ್ಲೇ ಸಾಗಿದೆ. 20ನೇ ಶತಮಾನದ ಆರಂಭದಲ್ಲಿ ಕ್ಯಾಮರೂನಿನ ಚಿಂಪಾಂಜಿಗಳಿಂದ ಮನುಷ್ಯರಿಗೆ ದಾಟಿದ ಅದು ಕಾಂಗೋದ ಕಿನ್ಶಾಸಾ ನಗರದಲ್ಲಿ ನೆಲೆಯೂರಿತು. 1940ರ ದಶಕದ ಕೊನೆಗೆ ಆ ನಗರದ ಮೂಲಕ ವರ್ಷಕ್ಕೆ 10 ಲಕ್ಷಕ್ಕೂ ಹೆಚ್ಚು ಜನ ರೈಲಿನಲ್ಲಿ ಓಡಾಡುತ್ತಿದ್ದರು. ಸೋಂಕೂ ಅವರೊಂದಿಗೆ ಹೊರಟಿತು.

ಭಾರತದಲ್ಲಿ ಅದು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ. ವೈದ್ಯೆ ಸುನೀತಿ ಸೋಲೊಮನ್ ಮಾರ್ಗದರ್ಶನದಲ್ಲಿ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಲೈಂಗಿಕ ಕಾರ್ಯಕರ್ತೆಯರ ರಕ್ತದ ಮಾದರಿಗಳನ್ನು ಸಂಗ್ರಹಿಸಿದ್ದರು. ಅಂದಿನಿಂದ ಸಮಾಜ ಆ ಮಹಿಳೆಯರತ್ತ, ಲಾರಿ ಚಾಲಕರತ್ತ ಬೆರಳು ತೋರಿತು. ಕಳಂಕಕ್ಕೆ ಅಂಜಿದವರು ಪರೀಕ್ಷೆಗೇ ಬರಲಿಲ್ಲ. ತಮ್ಮದೇನೂ ತಪ್ಪಿಲ್ಲದೆ ಗಂಡನಿಂದ ಸೋಂಕು ಪಡೆದ ಗೃಹಿಣಿಯರು ಎಚ್ಚರಿಕೆಯ ಮಾತೂ ಕೇಳದೆ ಉಳಿದರು.

ಮೈಸೂರು ಬೇರೆ ದಾರಿ ತೋರಿತು. ಅಲ್ಲಿ ಲೈಂಗಿಕ ಕಾರ್ಯಕರ್ತೆಯರೇ ಸೇರಿ ಅಶೋದಯ ಸಮಿತಿ ಕಟ್ಟಿಕೊಂಡರು. ತಮ್ಮವರನ್ನು ತಾವೇ ಚಿಕಿತ್ಸೆಗೆ ಕರೆತಂದರು, ಕಾಂಡೋಮ್ ಹಂಚಿದರು. 2004ರಿಂದ 2006ರೊಳಗೆ ಅವರಲ್ಲಿ ಸಿಫಿಲಿಸ್ ಶೇ 25ರಿಂದ 12ಕ್ಕೆ ಇಳಿಯಿತು. ಇದು ಎಚ್‌ಐವಿಗೂ ಮುಖ್ಯ: ಇಂಥ ಗುಹ್ಯರೋಗಗಳ ಹುಣ್ಣುಗಳೇ ವೈರಸ್‌ಗೆ ಬಾಗಿಲು.

ಔಷಧವೂ ಈಗ ತಡೆಗೋಡೆ. ಎಚ್‌ಐವಿ ಚಿಕಿತ್ಸೆಯ ಎಆರ್‌ಟಿ ಮಾತ್ರೆಗಳು ವೈರಸ್ ತನ್ನ ಪ್ರತಿ ಮಾಡಿಕೊಳ್ಳದಂತೆ ತಡೆಯುತ್ತವೆ. ತಪ್ಪದೆ ನುಂಗಿದವರ ರಕ್ತದಲ್ಲಿ ವೈರಸ್ ಪರೀಕ್ಷೆಗೂ ಸಿಗದಷ್ಟು ಇಳಿದು, ಹಾಗೆಯೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ದಾಟುವುದಿಲ್ಲ. ಗರ್ಭಿಣಿಗೆ ಸಕಾಲಕ್ಕೆ ಚಿಕಿತ್ಸೆ ಸಿಕ್ಕರೆ ಮಗುವೂ ಬಹುಪಾಲು ಸುರಕ್ಷಿತ. 2004ರಿಂದ ಸರ್ಕಾರ ಈ ಔಷಧವನ್ನು ಉಚಿತವಾಗಿ ಕೊಡುತ್ತಿದೆ. ಸೋಂಕಿತರ ಬಗ್ಗೆ ತಾರತಮ್ಯ ಮಾಡುವುದನ್ನು 2017ರ ಕಾಯ್ದೆ ನಿಷೇಧಿಸಿದೆ.

ಆದರೆ ಚಾಲಕ ಹತ್ತು ದಿನ ರಸ್ತೆಯಲ್ಲಿದ್ದರೆ, ಗೂಡಿನ ಕೆಲಸಗಾರ್ತಿ ಮಳೆ ಶುರುವಾದೊಡನೆ ತನ್ನೂರಿಗೆ ಮರಳಿದರೆ ಮಾತ್ರೆಯ ಸರಪಳಿ ಕಡಿಯುತ್ತದೆ. ಆದ್ದರಿಂದ ಪರೀಕ್ಷೆ ಯಾರ್ಡಿಗೆ ಹೋಗಲಿ, ಮಂಡಿಗೆ ಹೋಗಲಿ, ಗೂಡಿನ ಗುಡಿಸಲಿಗೆ ಹೋಗಲಿ. ನಿಮಗೂ ಅನುಮಾನವಿದ್ದರೆ ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿ, ಕರೆಗೆ ಕಾಸಿಲ್ಲ. ಸರ್ಕಾರಿ ಆಸ್ಪತ್ರೆಯ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ (ಐಸಿಟಿಸಿ) ಪರೀಕ್ಷೆಯೂ ಉಚಿತ, ಫಲಿತಾಂಶವೂ ಗುಟ್ಟಾಗಿರುತ್ತದೆ.